ಇದ್ದದ್ದನ್ನು ಇದ್ದ ಹಾಗೆ ಬಡಿಸುವವರು

ನಮ್ಮ ಅಮ್ಮನ ಹತ್ತಿರ ಒಂದು ಹಾಡಿನ ಪುಸ್ತಕವಿತ್ತು. ಪುಸ್ತಕವೆಂದರೆ ಅಂಗಡಿಯಿಂದ ತಂದದ್ದಲ್ಲ, ಅಪ್ಪ ಅಡಿಕೆಯ ಲೆಕ್ಕ ಬರೆದು ಅರ್ಧಕ್ಕೇ ಬಿಟ್ಟಿದ್ದ ಉದ್ದನೆಯ ಲೆಕ್ಕದ ಪುಸ್ತಕ. ಮೊದಲ ಏಳೆಂಟು ಹಾಳೆಗಳಲ್ಲಿ ಅಪ್ಪನ ಕೂಡು-ಕಳೆ, ಮುಂದಿನದೆಲ್ಲ ಅಮ್ಮನ ಗುಂಡಗಿನ ಅಕ್ಷರ. ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಹೆಣ್ಣು ಒಪ್ಪಿಸಿಕೊಡುವ ಹಾಡು. ಸಾಗರದ ಸುತ್ತಿನ ಹಳ್ಳಿಗಳಲ್ಲಿ ಎಲ್ಲಿ ಮದುವೆಯಾದರೂ ಅಮ್ಮನಿಗೆ ಕರೆ ಬರುತ್ತಿತ್ತು. "ಬರುವಾಗ ಆ ಪುಸ್ತಕವನ್ನೂ ತನ್ನಿ" ಎಂದು ಹೇಳಿಕಳಿಸಲು ಯಾರೂ ಮರೆಯುತ್ತಿರಲಿಲ್ಲ.

1999ರ ಬೇಸಿಗೆಯಲ್ಲಿ ಅಮೆರಿಕದಲ್ಲಿದ್ದ ನನ್ನ ತಮ್ಮ ಊರಿಗೆ ಬಂದ. ಬಂದವನು ಆ ಪುಸ್ತಕವನ್ನು ಶಿವಮೊಗ್ಗಕ್ಕೆ ಒಯ್ದು, ನಲವತ್ತೊಂದು ಪುಟಗಳನ್ನು ಸ್ಕ್ಯಾನ್ ಮಾಡಿಸಿ, ಪುಕ್ಕಟೆಯಾಗಿ ಜಾಗ ಕೊಡುವ ಒಂದು ಕಂಪನಿಯ ಮೂಲಕ ಇಂಟರ್‌ನೆಟ್ಟಿನಲ್ಲಿ ಇಟ್ಟ. "ಅಕ್ಕಾ, ಅಮ್ಮನ ಹಾಡು ಇನ್ನು ಲೋಕಕ್ಕೆಲ್ಲ ಸಿಗುತ್ತದೆ ನೋಡು" ಎಂದು ಅವನು ಹೇಳಿದಾಗ ಅಮ್ಮ ಅಡುಗೆಮನೆಯಿಂದಲೇ, "ಲೋಕಕ್ಕೆ ಬೀಗರ ಹಾಡು ಯಾಕೋ ಮಾರಾಯ, ಬೈದುಕೊಂಡಾರು" ಎಂದು ನಕ್ಕಿದ್ದಳು.

ಅಮ್ಮ 2004ರಲ್ಲಿ ತೀರಿಕೊಂಡಳು. ಎರಡು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ ಮರದ ಪೆಟ್ಟಿಗೆ ತೆಗೆದು ನೋಡಿದರೆ ಪುಸ್ತಕವನ್ನು ಗೆದ್ದಲು ತಿಂದಿತ್ತು. ಹೊಟ್ಟೆ ಚುರುಕ್ಕೆಂದರೂ, ಹೇಗೂ ಇಂಟರ್‌ನೆಟ್ಟಿನಲ್ಲಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇನ್ನೂ ಕೆಲವು ವರ್ಷ ಕಳೆದು, ಸೋದರಸೊಸೆಯ ಮದುವೆಗೆ ಹಾಡು ಬೇಕೆಂದು ಹುಡುಕಿದಾಗ ಆ ಪುಟವೂ ಇರಲಿಲ್ಲ. ಪುಕ್ಕಟೆ ಜಾಗ ಕೊಟ್ಟ ಕಂಪನಿ ತನ್ನ ಅಂಗಡಿ ಮುಚ್ಚಿತ್ತು. ಮುಚ್ಚುತ್ತೇವೆಂದು ಕಳಿಸಿದ ಪತ್ರ, ತಮ್ಮ ಎಂದೋ ತೆರೆಯುವುದನ್ನು ಬಿಟ್ಟಿದ್ದ ಇ-ಮೇಲಿಗೆ ಹೋಗಿತ್ತು. ಲೋಕಕ್ಕೆಲ್ಲ ಸಿಗುತ್ತದೆ ಎಂದರೆ, ಲೋಕದಲ್ಲಿ ಎಲ್ಲೋ ಯಾರೋ ಒಬ್ಬರು ಅದನ್ನು ಕೊಡುತ್ತಾ ನಿಂತಿರಬೇಕು ಎಂಬುದು ಅಲ್ಲಿಯವರೆಗೆ ನಮಗೆ ಹೊಳೆದೇ ಇರಲಿಲ್ಲ.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಹೋದದ್ದು ಹೋಯಿತೆಂದು ಸುಮ್ಮನಿರುವ ಜಾಯಮಾನವಲ್ಲ. ಹಾಗೆ ಕೊಡುತ್ತಾ ನಿಲ್ಲುವವರು ಯಾರು, ಈ ಪದ್ಧತಿ ಎಲ್ಲಿಂದ ಶುರುವಾಯಿತು ಎಂದು ನಿವೃತ್ತಿಯ ಬಿಡುವಿನಲ್ಲಿ ಓದತೊಡಗಿದೆ. ಕಂಪ್ಯೂಟರು ಓದಿದ ತಂಗಿಯ ಮಗಳು ತಿಳಿಯದ್ದನ್ನು ಬಿಡಿಸಿ ಹೇಳಿದಳು. ಓದುತ್ತಾ ಹೋದಂತೆ, ಇದು ನಾವು ಹೆಂಗಸರಿಗೆ ಚೆನ್ನಾಗಿ ಗೊತ್ತಿರುವ ವಿಷಯವೇ ಅನ್ನಿಸಿತು. ಸರ್ವರ್ ಎಂಬ ಇಂಗ್ಲಿಷ್ ಮಾತಿಗೆ ಬಡಿಸುವವರು ಎಂದೇ ಅರ್ಥ ತಾನೇ?

ಮೊದಲು ಬಡಿಸಿದ್ದು ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ. ಹಲವು ದೇಶಗಳ ವಿಜ್ಞಾನಿಗಳು ಬಂದು ಹೋಗುವ ಜಾಗ ಅದು. ಒಬ್ಬರ ಕಂಪ್ಯೂಟರಿನಲ್ಲಿ ಇದ್ದದ್ದು ಇನ್ನೊಬ್ಬರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಅಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ತರುಣ ಇದಕ್ಕೊಂದು ದಾರಿ ಸೂಚಿಸಿ 1989ರ ಮಾರ್ಚ್‌ನಲ್ಲಿ ಮೇಲಿನವರಿಗೆ ಬರೆದುಕೊಟ್ಟ. 1990ರ ಕೊನೆಯ ಹೊತ್ತಿಗೆ ನೆಕ್ಸ್ಟ್ ಎಂಬ ಕರಿಯ ಕಂಪ್ಯೂಟರಿನಲ್ಲಿ ಜಗತ್ತಿನ ಮೊದಲ ವೆಬ್ ಸರ್ವರು ಕೆಲಸ ಶುರುಮಾಡಿತು. ಯಾರಾದರೂ ತಿಳಿಯದೆ ಸ್ವಿಚ್ ಆರಿಸಿಬಿಟ್ಟಾರೆಂದು ಆ ಪೆಟ್ಟಿಗೆಯ ಮೇಲೊಂದು ಚೀಟಿ ಅಂಟಿಸಿದ್ದರು. ಈ ಯಂತ್ರ ಸರ್ವರು, ಇದನ್ನು ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಕೈಯಲ್ಲಿ ಬರೆದದ್ದು. ದೇಶದೇಶಗಳಿಗೆ ಹಬ್ಬಿದ ಈ ಬಲೆ ಶುರುವಿನಲ್ಲಿ ಒಂದು ಚೀಟಿಯ ಕಾವಲಿನಲ್ಲಿತ್ತು ಎಂಬುದನ್ನು ಓದಿದಾಗ, ನಂದಾದೀಪಕ್ಕೆ ಎಣ್ಣೆ ಹಾಕಲು ಮರೆಯಬೇಡಿ ಎಂದು ಹೇಳಿ ಊರಿಗೆ ಹೋಗುತ್ತಿದ್ದ ಅಜ್ಜಿಯ ನೆನಪಾಯಿತು.

ಆ ಸರ್ವರು ಮಾಡುತ್ತಿದ್ದ ಕೆಲಸ ಬಹಳ ಸರಳ. ದೂರದ ಕಂಪ್ಯೂಟರೊಂದು ಒಂದೇ ಸಾಲಿನಲ್ಲಿ ಇಂಥ ಪುಟ ಕೊಡು ಎಂದು ಕೇಳಬೇಕು. ಸರ್ವರು ಆ ಹೆಸರಿನ ಫೈಲನ್ನು ಹುಡುಕಿ, ಒಂದಕ್ಷರವೂ ಹೆಚ್ಚುಕಮ್ಮಿ ಮಾಡದೆ ಕಳಿಸಿ, ಸಂಪರ್ಕ ಕಡಿದುಕೊಳ್ಳಬೇಕು. ಅಷ್ಟೇ. ಇಂಥ ಫೈಲಿಗೆ ಈಗ ಸ್ಟ್ಯಾಟಿಕ್ ಫೈಲ್ ಎನ್ನುತ್ತಾರೆ. ಭರಣಿಯಲ್ಲಿ ಹಾಕಿಟ್ಟ ಉಪ್ಪಿನಕಾಯಿ ಇದ್ದ ಹಾಗೆ. ಯಾರು ಕೇಳಿದರೂ ಅದೇ ಉಪ್ಪಿನಕಾಯಿ, ಕೇಳಿದವರ ಮುಖ ನೋಡಿ ಬೇರೆ ಮಾಡುವುದಿಲ್ಲ. ದೋಸೆಯ ಕತೆ ಬೇರೆ, ಅದನ್ನು ಅವರವರು ಕೇಳಿದಂತೆ ಆಗಲೇ ಹುಯ್ದು ಕೊಡಬೇಕು. ವೆಬ್ಬಿನಲ್ಲಿ ಈ ಎರಡೂ ಬಗೆಯ ಬಡಿಸುವಿಕೆ ಉಂಟು. ಮೊದಲು ಬಂದದ್ದು ಉಪ್ಪಿನಕಾಯಿ.

ಈ ಇತಿಹಾಸದ ಆರಂಭದಲ್ಲೇ ಹೆಂಗಸರಿದ್ದಾರೆ ಎಂಬುದನ್ನು ಓದಿ ನನಗೆ ಖುಷಿಯಾಯಿತು. ಬರ್ನರ್ಸ್-ಲೀ ಬರೆದ ಬ್ರೌಸರು, ಎಂದರೆ ಪುಟವನ್ನು ತರಿಸಿ ತೋರಿಸುವ ಸಾಧನ, ದುಬಾರಿಯ ನೆಕ್ಸ್ಟ್ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಆಗ ಸರ್ನ್‌ಗೆ ಬಂದಿದ್ದ ಗಣಿತದ ವಿದ್ಯಾರ್ಥಿನಿ ನಿಕೋಲಾ ಪೆಲ್ಲೋ, ಬರೀ ಅಕ್ಷರ ತೋರಿಸುವ ಸಾಧಾರಣ ಕಂಪ್ಯೂಟರುಗಳಲ್ಲೂ ನಡೆಯುವ ಬ್ರೌಸರನ್ನು ಬರೆದಳು. ಬಡಿಸುವವರಿದ್ದರೆ ಸಾಲದು, ಉಣ್ಣುವವರ ಮುಂದೆ ಎಲೆಯೂ ಬೇಕಲ್ಲ! ಬಡವರ ಮನೆಗೂ ಎಲೆ ಹಾಕಿದವಳು ಆಕೆ. ಇನ್ನು ವೆಬ್ಬಿನಲ್ಲಿ ಇಟ್ಟ ಮೊಟ್ಟಮೊದಲ ಫೋಟೋಗಳಲ್ಲಿ ಒಂದು, ಸರ್ನ್‌ನಲ್ಲೇ ಇದ್ದ ಲೇ ಓರಿಬ್ಲ್ ಸರ್ನೆಟ್ ಎಂಬ ಹೆಂಗಸರ ಹಾಡಿನ ತಂಡದ್ದು. ವಿಜ್ಞಾನಿಗಳನ್ನು ಗೇಲಿ ಮಾಡಿ ಹಾಡುತ್ತಿದ್ದ ನಾಲ್ವರು ಹೆಂಗಸರ ಚಿತ್ರ, 1992ರಲ್ಲಿ ತೆಗೆದದ್ದು. ಬೀಗರ ಹಾಡು ಲೋಕಕ್ಕೆ ಯಾಕೆ ಎಂದಿದ್ದಳಲ್ಲ ಅಮ್ಮ, ಅವಳಿಗೆ ಇದನ್ನು ಹೇಳಬೇಕಿತ್ತು.

ಮೂರನೆಯವಳು ಅಮೆರಿಕದ ಲೂಯಿಸ್ ಆ್ಯಡಿಸ್. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಗ್ರಂಥಪಾಲಕಿ. ಭೌತವಿಜ್ಞಾನದ ಲೇಖನಗಳ ದೊಡ್ಡದೊಂದು ಪಟ್ಟಿ ಅವರ ಕಂಪ್ಯೂಟರಿನಲ್ಲಿತ್ತು, ಆದರೆ ಅದನ್ನು ಹುಡುಕಿ ನೋಡುವುದು ಹೊರಗಿನವರಿಗೆ ಕಷ್ಟವಾಗಿತ್ತು. ಪಾಲ್ ಕುಂಜ್ ಎಂಬ ವಿಜ್ಞಾನಿ 1991ರಲ್ಲಿ ಜಿನೀವಾದಲ್ಲಿ ವೆಬ್ಬನ್ನು ನೋಡಿ ಬಂದು ಹೇಳಿದಾಗ, ತನ್ನ ಪಟ್ಟಿ ಜನರಿಗೆ ತಲುಪಲು ಇದೇ ದಾರಿ ಎಂದು ಕೂಡಲೇ ಕಂಡುಕೊಂಡವಳು ಈಕೆ. 1991ರ ಡಿಸೆಂಬರ್ 12ರಂದು ಅಮೆರಿಕದ ಮೊದಲ ವೆಬ್ ಸರ್ವರು ಅಲ್ಲಿ ಆರಂಭವಾಯಿತು. ಅದು ಕೊಡುತ್ತಿದ್ದುದು ಕೇಳಿದಂತೆ ಹುಡುಕಿ ಕೊಡುವ ಉತ್ತರ, ಎಂದರೆ ದೋಸೆ. ಹೀಗೆ ಒಂದೇ ವರ್ಷದೊಳಗೆ ಭರಣಿಯೂ ಬಂತು, ಕಾವಲಿಯೂ ಬಂತು.

ಸರ್ನ್ 1993ರ ಏಪ್ರಿಲ್ 30ರಂದು ತನ್ನ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಮೊಸಾಯಿಕ್ ಎಂಬ ಬ್ರೌಸರು ಬಂತು. ಅಕ್ಷರದ ಜೊತೆಗೇ ಚಿತ್ರ ತೋರಿಸಿ ಅದು ಜನರ ಮನಸ್ಸು ಗೆದ್ದಿತು. ಅಲ್ಲಿಯೇ ರಾಬ್ ಮೆಕೂಲ್ ಎಂಬ ಹುಡುಗ ಬರೆದ ಸರ್ವರು ಮನೆಮಾತಾಯಿತು. ಇಂಥ ಸರ್ವರುಗಳಲ್ಲಿ ಒಂದು ಕಟ್ಟುನಿಟ್ಟಿನ ಏರ್ಪಾಡು ಉಂಟು. ಹೊರಗಿನವರಿಗೆ ಕೊಡುವ ಫೈಲುಗಳಿಗೆಂದೇ ಒಂದು ಫೋಲ್ಡರು, ಅದರಾಚೆಯದನ್ನು ಯಾರಿಗೂ ಕೊಡುವಂತಿಲ್ಲ.

ಇದನ್ನು ನಾನು ಜಗಲಿ ಎಂದು ತಿಳಿದುಕೊಂಡೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಜಗಲಿಗೆ ಯಾರು ಬೇಕಾದರೂ ಬರಬಹುದು, ಕೂತು ಎಲೆ ಅಡಿಕೆ ಹಾಕಬಹುದು. ನಡುಮನೆ, ಅಡುಗೆಮನೆ, ನಗನಾಣ್ಯದ ಪೆಟ್ಟಿಗೆ ಒಳಗೆ. ಕಂಪ್ಯೂಟರಿನಲ್ಲಿ ಎರಡು ಚುಕ್ಕೆ ಹಾಕಿದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗು ಎಂದರ್ಥ. ಕಳ್ಳಬುದ್ಧಿಯವರು ಕೇಳುವ ವಿಳಾಸದಲ್ಲಿ ಎರಡೆರಡು ಚುಕ್ಕೆ ಸೇರಿಸಿ, ಜಗಲಿಯಿಂದ ಒಂದೊಂದೇ ಮೆಟ್ಟಿಲು ದಾಟಿ ಒಳಮನೆಯ ಬೀಗದ ಕೈಯನ್ನೇ ಕೇಳುತ್ತಾರೆ. ಹೇಳಿದ್ದನ್ನು ಹೇಳಿದಂತೆ ಮಾಡುವ ಸರ್ವರು ತಂದು ಕೊಟ್ಟೂಬಿಡಬಹುದು! ಇದು ಎಳಬರು ಮಾಡುವ ತಪ್ಪು ಎಂದುಕೊಳ್ಳಬೇಡಿ. 2021ರಲ್ಲಿ, ಬಹಳ ಹೆಸರುವಾಸಿಯಾದ ಅಪಾಚಿ ಸರ್ವರಿನ ಒಂದು ಆವೃತ್ತಿಯಲ್ಲೇ ಈ ದೋಷ ನುಸುಳಿತ್ತು. ಅದನ್ನು ಸರಿಪಡಿಸಲು ಒಂದು ವಾರದೊಳಗೆ ಎರಡು ಸಲ ತಿದ್ದಬೇಕಾಯಿತು. ಇದ್ದದ್ದನ್ನು ಇದ್ದಂತೆ ಕೊಡುವುದು ಸುಲಭ, ಯಾವುದನ್ನು ಕೊಡಬಾರದು ಎಂದು ತಿಳಿದಿರುವುದೇ ಕಷ್ಟ. ಸಂಸಾರದಲ್ಲೂ ಹಾಗೇ ಅಲ್ಲವೇ?

ಅಪಾಚಿ ಹುಟ್ಟಿದ ಬಗೆಯೂ ಚೆನ್ನಾಗಿದೆ. ರಾಬ್ ಮೆಕೂಲ್ 1994ರಲ್ಲಿ ಎನ್‌ಸಿಎಸ್‌ಎ ಬಿಟ್ಟು ಹೋದ ಮೇಲೆ ಅವನ ಸರ್ವರನ್ನು ನೋಡಿಕೊಳ್ಳುವವರು ಇಲ್ಲದಂತಾಯಿತು. ಅದನ್ನು ಬಳಸುತ್ತಿದ್ದವರೇ ಅಲ್ಲಲ್ಲಿ ತೇಪೆ ಹಾಕಿಕೊಂಡು ನಡೆಸುತ್ತಿದ್ದರು. 1995ರಲ್ಲಿ ಅಂಥ ಎಂಟು ಜನ ಸೇರಿ ತಮ್ಮ ತೇಪೆಗಳನ್ನೆಲ್ಲ ಒಟ್ಟುಗೂಡಿಸಿದರು. ತೇಪೆಗೆ ಇಂಗ್ಲಿಷಿನಲ್ಲಿ ಪ್ಯಾಚ್ ಎನ್ನುತ್ತಾರಲ್ಲ, ತೇಪೆಯ ಸರ್ವರು ಎಂಬ ತಮಾಷೆಯೂ ಆ ಹೆಸರಿನಲ್ಲಿ ಸೇರಿಕೊಂಡಿತು. 1996ರ ಏಪ್ರಿಲ್ ಹೊತ್ತಿಗೆ ಅದು ಅತಿ ಹೆಚ್ಚು ಬಳಕೆಯ ವೆಬ್ ಸರ್ವರಾಗಿತ್ತು. ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವ ನಮ್ಮ ಹೆಂಗಸರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಆ ದಿನಗಳಲ್ಲೇ ಬಂದ ಇನ್ನೊಂದು ಜಾಣತನ ನನಗೆ ಬಹಳ ಹಿಡಿಸಿತು. ನೀವು ಒಂದು ಪುಟವನ್ನು ನಿನ್ನೆಯೂ ನೋಡಿ ಇವತ್ತೂ ಕೇಳಿದರೆ, ಬ್ರೌಸರು ನಿನ್ನೆಯ ಪ್ರತಿಯನ್ನು ತನ್ನಲ್ಲೇ ಇಟ್ಟುಕೊಂಡು, ಇಂಥ ದಿನದಿಂದ ಈಚೆಗೆ ಇದೇನಾದರೂ ಬದಲಾಗಿದೆಯೇ ಎಂದು ಸರ್ವರನ್ನು ವಿಚಾರಿಸುತ್ತದೆ. ಬದಲಾಗದಿದ್ದರೆ ಸರ್ವರು 304 ಎಂಬ ಸಂಖ್ಯೆ ಮಾತ್ರ ಕಳಿಸುತ್ತದೆ. ನಿನ್ನೆ ಕೊಟ್ಟದ್ದೇ ಇದೆ, ಅದನ್ನೇ ಬಳಸಿಕೋ ಎಂದರ್ಥ. ಕೇಳಿದ್ದು ಇಲ್ಲದಿದ್ದರೆ 404. ಅಮ್ಮನ ಪುಟ ಹುಡುಕಿದ ದಿನ ನನ್ನ ಕಣ್ಣಿಗೆ ಬಿದ್ದದ್ದು ಅದೇ ಸಂಖ್ಯೆ. ಅರ್ಥ ಗೊತ್ತಿಲ್ಲದಿದ್ದರೂ ಆ ದಿನ ಅದು ಮರಣದ ತಂತಿಯ ಹಾಗೆ ಕಂಡಿತ್ತು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಮರುವರ್ಷ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಕನ್ನಡದ ಅಂತರಜಾಲ ಪತ್ರಿಕೆ ಆರಂಭಿಸಿದರು. ಆಗ ಕನ್ನಡಕ್ಕಿದ್ದ ತೊಡಕು ಬೇರೆಯದು. ಪ್ರತಿಯೊಂದು ಕನ್ನಡ ತಂತ್ರಾಂಶವೂ ತನ್ನದೇ ಅಕ್ಷರವಿನ್ಯಾಸ ಬಳಸುತ್ತಿತ್ತು. ಕಂಪ್ಯೂಟರಿನ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಮೇಲೆ ಮಾತ್ರ ಕನ್ನಡದ ವೇಷ. ಆ ಫಾಂಟ್ ಇಲ್ಲದವರಿಗೆ ಪುಟ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಬಳಕೆಗೆ ಬಂದು ಎಲ್ಲೆಡೆ ಒಂದೇ ಸಂಕೇತವಾಗುವವರೆಗೂ ಈ ಪಾಡು ತಪ್ಪಲಿಲ್ಲ.

ಇದನ್ನು ಯಾಕೆ ಹೇಳಿದೆನೆಂದರೆ, 2022ರಲ್ಲಿ ಅಮೆರಿಕದಿಂದ ತಮ್ಮನ ಫೋನು ಬಂತು. ಮನೆ ಬದಲಿಸುವಾಗ ಹಳೆಯ ಪೆಟ್ಟಿಗೆಯಲ್ಲಿ ಒಂದು ಸಿ.ಡಿ. ಸಿಕ್ಕಿತಂತೆ. ಮೇಲೆ ಅಮ್ಮ ಎಂದು ಬರೆದಿತ್ತಂತೆ. ಅದರಲ್ಲಿದ್ದುದನ್ನು ಕಳಿಸಿದ. ಅವನು ಆ ಕಾಲದ ಫಾಂಟಿನಲ್ಲಿ ಟೈಪು ಮಾಡಿದ್ದ ಹಾಡುಗಳ ಪಟ್ಟಿ ಬರೀ ಕಲಸುಮೇಲೋಗರ. ಆದರೆ ಸ್ಕ್ಯಾನ್ ಮಾಡಿದ ನಲವತ್ತೊಂದು ಚಿತ್ರಗಳೂ ಹಾಗೇ ಇದ್ದವು. ಮೂಲೆಯಲ್ಲಿನ ಎಣ್ಣೆಯ ಕಲೆ ಕೂಡ! ಚಿತ್ರಕ್ಕೆ ಫಾಂಟು ಬೇಡ, ಯಾರ ವ್ಯಾಖ್ಯಾನವೂ ಬೇಡ. ಫೋನು ಹಿಡಿದುಕೊಂಡೇ ಎಷ್ಟೋ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಈ ಸಲ ಬೇರೆಯವರ ಪುಕ್ಕಟೆ ಜಗಲಿ ಬೇಡವೆಂದು ನಿರ್ಧರಿಸಿದೆವು. ನಮ್ಮ ಮಹಿಳಾ ಮಂಡಳಿಯವರು ತಮ್ಮ ತಮ್ಮ ಮನೆಯ ಹಾಡಿನ ಪುಸ್ತಕಗಳನ್ನೂ ತಂದರು. ಇಂಥ ಶಾಸ್ತ್ರದ ಹಾಡು ಬೇಕೆಂದರೆ ಹುಡುಕಿ ಕೊಡುವಂಥ ತಾಣವನ್ನು ತಂಗಿಯ ಮಗಳು ಸಿದ್ಧಮಾಡಿದಳು. ಅವಳ ಲ್ಯಾಪ್‌ಟಾಪಿನಲ್ಲಿ ಎಲ್ಲ ಚಂದವಾಗಿ ಕಂಡಿತು. 2023ರ ಗೌರಿ ಹಬ್ಬದ ಸಂಜೆ ಮಂಡಳಿಯ ಕೋಣೆಯಲ್ಲಿ ಎಲ್ಲರೂ ಸೇರಿದಾಗ, ಬಾಡಿಗೆಗೆ ಪಡೆದ ಸರ್ವರಿನಿಂದ ಅದನ್ನು ತೆರೆದಳು. ಹಾಡಿನ ಹೆಸರು ಬಂತು, ಬರೆದವರ ಹೆಸರು ಬಂತು, ಚಿತ್ರವಿರಬೇಕಾದ ಕಡೆ ಖಾಲಿ ಚೌಕ. ಒಂದಲ್ಲ, ಎಲ್ಲವೂ. ನನ್ನ ಎದೆ ಧಸಕ್ಕೆಂದಿತು. ಎರಡು ಸಲ ಕಳೆದುಕೊಂಡದ್ದನ್ನು ಮೂರನೆಯ ಸಲವೂ ಕಳೆದುಕೊಂಡೆನೇ?

"ದೊಡ್ಡಮ್ಮ, ಹೆದರಬೇಡಿ. ಫೈಲು ಎಲ್ಲೂ ಹೋಗಿಲ್ಲ, ಕೊಡುವವರು ಇಲ್ಲ ಅಷ್ಟೆ. ತಪ್ಪು ನನ್ನದೇ" ಎಂದಳು ಹುಡುಗಿ.

ಆಮೇಲೆ ವಿವರಿಸಿದಳು. ಅವಳು ಬಳಸಿದ್ದು ಜಾಂಗೋ ಎಂಬ ಸಲಕರಣೆ. ಅಮೆರಿಕದ ಕನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ 2003ರಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಸಿಕ್ಕಿದ್ದು. ಸುದ್ದಿಯ ಪುಟಗಳನ್ನು ಆಗಿಂದಾಗ್ಗೆ ತಯಾರಿಸಿ ಕೊಡಲು ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬಿಬ್ಬರು ಅದನ್ನು ಕಟ್ಟಿದರು. ಅದು ದೋಸೆ ಹುಯ್ಯುವ ಕೈ. ಮನೆಯಲ್ಲಿ ಅಭ್ಯಾಸ ಮಾಡುವಾಗ ಅನುಕೂಲಕ್ಕೆಂದು ಉಪ್ಪಿನಕಾಯಿಯನ್ನೂ ತಾನೇ ಬಡಿಸುತ್ತದೆ. ನಿಜವಾದ ಸಂತರ್ಪಣೆಗೆ ನಿಂತ ಮೇಲೆ ಆ ಕೆಲಸ ನನ್ನದಲ್ಲ, ಅದಕ್ಕೆ ಬೇರೆಯವರನ್ನು ನೇಮಿಸಿ ಎಂದು ಕೈಬಿಡುತ್ತದೆ. ಹಾಗೆಂದು ಅದರ ಕೈಪಿಡಿಯಲ್ಲೇ ಬರೆದಿದೆ. ನಮ್ಮ ಹುಡುಗಿ ಗಡಿಬಿಡಿಯಲ್ಲಿ ಆ ನೇಮಕ ಮಾಡಿರಲಿಲ್ಲ.

ಹೀಗೇಕೆಂದು ಕೇಳಿದೆ. ಕಾವಲಿಯ ಮುಂದಿರುವವಳನ್ನು ಎಬ್ಬಿಸಿ ನೀರು ಬಡಿಸಲು ಕಳಿಸಿದರೆ ದೋಸೆ ಸೀದುಹೋಗುವುದಿಲ್ಲವೇ ದೊಡ್ಡಮ್ಮ ಎಂದಳು. ಹಿಂದೆ ಅಪಾಚಿಯಂಥ ಸರ್ವರುಗಳು ಸಾಮಾನ್ಯವಾಗಿ ಬಂದ ಒಬ್ಬೊಬ್ಬರಿಗೂ ಒಬ್ಬೊಬ್ಬ ಕೆಲಸದವನನ್ನು ನಿಲ್ಲಿಸುತ್ತಿದ್ದವು. ಒಂದೇ ಸರ್ವರು ಒಂದೇ ಹೊತ್ತಿಗೆ ಹತ್ತು ಸಾವಿರ ಜನರನ್ನು ಸುಧಾರಿಸುವುದು ಹೇಗೆ ಎಂಬ ಪ್ರಶ್ನೆಯನ್ನು 1999ರಲ್ಲಿ ಡ್ಯಾನ್ ಕೆಗೆಲ್ ಎಂಬವರು ಎತ್ತಿದರು. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್-ಎಕ್ಸ್ ಎಂಬ ಸರ್ವರು ಅದಕ್ಕೊಂದು ಉತ್ತರ. ದೊಡ್ಡ ಪಂಕ್ತಿಯಲ್ಲಿ ಪಳಗಿದ ಒಬ್ಬನೇ, ಯಾರ ಎದುರೂ ಕಾದು ನಿಲ್ಲದೆ, ಕೈ ಚಾಚಿದವರಿಗೆ ಹಾಕುತ್ತಾ ಸಾಗುವುದಿಲ್ಲವೇ, ಹಾಗೆ ಅದರ ರೀತಿ. ಫೈಲನ್ನು ಎತ್ತಿ ಪಾತ್ರೆಯಿಂದ ಪಾತ್ರೆಗೆ ಸುರಿಯದೆ, ಭರಣಿಯಿಂದ ನೇರವಾಗಿ ಎಲೆಗೆ ಬಡಿಸುವ ಉಪಾಯವೂ ಅದಕ್ಕೆ ಗೊತ್ತು. ಹುಡುಗಿ ಅಂದು ರಾತ್ರಿಯೇ ಜಾಂಗೋದ ಒಂದು ಆದೇಶದಿಂದ ಚದುರಿದ್ದ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ಹೆಕ್ಕಿ ತಂದು, ಆ ಜಗಲಿಯನ್ನು ಎಂಜಿನ್-ಎಕ್ಸ್‌ಗೆ ವಹಿಸಿದಳು. ರಾತ್ರಿ ಹನ್ನೊಂದಕ್ಕೆ ಅಮ್ಮನ ಅಕ್ಷರ ಬಂತು, ಎಣ್ಣೆಯ ಕಲೆಯೊಡನೆ.

ಕಳೆದುಕೊಂಡವರು ನಾವು ಮಾತ್ರವಲ್ಲ. ಜಗತ್ತಿನ ಮೊದಲ ವೆಬ್ ಪುಟದ ಮೊದಲ ರೂಪವನ್ನು ಯಾರೂ ತೆಗೆದಿಟ್ಟಿರಲಿಲ್ಲ. ತಿದ್ದಿದಂತೆಲ್ಲ ಹಳೆಯದರ ಮೇಲೇ ಹೊಸದನ್ನು ಇಡುತ್ತಿದ್ದರು. 2013ರ ಏಪ್ರಿಲ್ 30ರಂದು ಸರ್ನ್ ಆ ಪುಟವನ್ನು ಹಳೆಯ ವಿಳಾಸದಲ್ಲೇ ಮತ್ತೆ ಇಟ್ಟಾಗ ಅವರ ಬಳಿ ಇದ್ದುದು 1992ರ ಪ್ರತಿ. ಸುದ್ದಿ ಕೇಳಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪಾಲ್ ಜೋನ್ಸ್, 1991ರ ಪ್ರತಿ ತಮ್ಮ ಬಳಿ ಇದೆ ಎಂದರು. ಆ ವರ್ಷ ಬರ್ನರ್ಸ್-ಲೀ ಅಲ್ಲಿಗೆ ಹೋಗಿದ್ದಾಗ ಕೊಟ್ಟದ್ದು ಅವರ ಹಳೆಯ ನೆಕ್ಸ್ಟ್ ಕಂಪ್ಯೂಟರಿನಲ್ಲಿ ಉಳಿದಿತ್ತು. ಅಷ್ಟು ದೊಡ್ಡ ಸಂಸ್ಥೆಗೆ ಪಾಲ್ ಜೋನ್ಸ್, ನಮಗೆ ತಮ್ಮನ ಪೆಟ್ಟಿಗೆ!

ಅಮ್ಮನ ನಲವತ್ತೊಂದು ಚಿತ್ರಗಳು ಈಗ ಮೂರು ಕಡೆ ಇವೆ. ಸರ್ವರಿನಲ್ಲಿ ಒಂದು, ತಮ್ಮನ ಹತ್ತಿರ ಒಂದು, ನನ್ನ ಬೀರುವಿನಲ್ಲಿ ಒಂದು. ಸರ್ವರಿಗೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕು. ಕಟ್ಟದಿದ್ದರೆ ಮತ್ತೆ ಅದೇ 404. ಮಂಡಳಿಯವರು ತಲೆಗಿಷ್ಟು ಎಂದು ಹಾಕುತ್ತಾರೆ, ಲೆಕ್ಕ ಇಡುವವಳು ನಾನು. ಇದಕ್ಕೆಂದೇ ಪೇಟೆಗೆ ಹೋಗಿ ಅಪ್ಪನದರಂಥದೇ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದಿದ್ದೇನೆ. ಪ್ರತಿ ವರ್ಷ ಗೌರಿ ಹಬ್ಬದ ಮರುದಿನ ಅದರಲ್ಲಿ ಒಂದು ಸಾಲು ಬರೆಯುತ್ತೇನೆ: ಹಾಡಿನ ಸರ್ವರು, ಬಾಡಿಗೆ ಸಂದಾಯ.